ಗೋಪುರದ ಮುದುಕಿ ನಾನಲ್ಲ

ಜನವರಿ 8, ಸೋಮವಾರ

ಪೌಲಾ ಬಂದಳು. ಒಬ್ಬಳೇ ಅಲ್ಲ, ಎರಡು ವ್ಯಾನು, ಒಂಬತ್ತು ಜನ, ಮನೆ ಸುತ್ತಿ ಕಟ್ಟುವಷ್ಟು ವೈರು. ನನ್ನ ಮಗಳು ಸಿನಿಮಾ ಮಾಡುತ್ತಿದ್ದಾಳೆ, ಅದೂ ನನ್ನ ಮನೆಯಲ್ಲಿ. ಕೆಳಗಿನ ಬ್ಯೂಟಿ ಪಾರ್ಲರ್, ಅದರ ಮೇಲಿನ ಕೋಣೆ, ಹೊರಗಿನ ಮರದ ಮೆಟ್ಟಿಲು, ಮೂರೂ ಬೇಕಂತೆ. ನಲವತ್ತೆರಡು ವರ್ಷ ಈ ಊರಿನ ಹೆಂಗಸರ ತಲೆಯೆಲ್ಲ ನನ್ನ ಕೈಯಲ್ಲೇ ಇತ್ತು. ಪಾರ್ಲರ್ ಮುಚ್ಚಿ ಮೂರು ವರ್ಷವಾಯಿತು. ಇವತ್ತು ನೋಡಿದರೆ ಅಲ್ಲಿ ಕಣ್ಣು ಕುಕ್ಕುವ ಹಾಗೆ ದೀಪ ಹಾಕಿದ್ದಾರೆ.

ಕಥೆ ಹಳೆಯದೇ. ಒಬ್ಬ ಮುದುಕಿ ಉದ್ದ ಜಡೆಯ ಹುಡುಗಿಯನ್ನು ಗೋಪುರದಲ್ಲಿ ಕೂಡಿಹಾಕಿರುತ್ತಾಳೆ. ಹುಡುಗಿ ಜಡೆ ಇಳಿಬಿಟ್ಟರೆ ಮುದುಕಿ ಅದನ್ನು ಹಿಡಿದು ಹತ್ತುತ್ತಾಳೆ. ಒಂದು ದಿನ ರಾಜಕುಮಾರ ಬರುತ್ತಾನೆ, ಮುದುಕಿ ಸಿಟ್ಟಿನಲ್ಲಿ ಜಡೆ ಕತ್ತರಿಸುತ್ತಾಳೆ. ಪೌಲಾಗೆ ಚಿಕ್ಕಂದಿನಲ್ಲಿ ಇದನ್ನು ಹೇಳಿದವಳು ನಾನೇ. ಅವಳು ಈಗ ಅದನ್ನು ಈ ಕಾಲಕ್ಕೆ ಎಳೆದು ತಂದಿದ್ದಾಳೆ. ಗೋಪುರದ ಬದಲು ಪಾರ್ಲರ್ ಮೇಲಿನ ಕೋಣೆ, ರಾಜಕುಮಾರನ ಬದಲು ಹಿಮ ತಳ್ಳುವ ಲಾರಿಯ ಡ್ರೈವರ್. ಮುದುಕಿ ಮಾತ್ರ ಮುದುಕಿಯೇ. ಆ ಪಾತ್ರಕ್ಕೆ ಶಿಕಾಗೋದಿಂದ ಒಬ್ಬ ನಟಿ ಬಂದಿದ್ದಾಳೆ. ಹುಡುಗಿಯ ಕೂದಲು ನೋಡಿಕೊಳ್ಳುವ ಕೆಲಸ ನನ್ನದು.

ಅಡುಗೆಮನೆ ಪಕ್ಕದ ಅವಳ ಹಳೇ ಕೋಣೆಯಲ್ಲಿ ಹಾಸಿಗೆ ಹಾಸಿಟ್ಟಿದ್ದೆ. "ಎಲ್ರಿಗೂ ಹೈವೇ ಮೋಟೆಲಲ್ಲಿ ರೂಮ್ ಮಾಡಿದೀನಮ್ಮ" ಅಂದಳು.

"ನಿಂಗೂನಾ?"

"ನಂಗೂ."

ಸರಿ. ಇಪ್ಪತ್ತೈದು ವರ್ಷದಲ್ಲಿ ಒಂದು ರಾತ್ರಿಯೂ ಈ ಮನೆಯಲ್ಲಿ ಮಲಗದವಳು. ಅವರಪ್ಪ ವೇಯ್ನೋ ತೀರಿಕೊಂಡಾಗಲೂ ಮಣ್ಣು ಮಾಡಿ, ಕಾಫಿ ಕುಡಿದು, ಮೋಟೆಲ್ಲಿಗೇ ಹೋದಳು. ನನಗೇನೂ ಬೇಸರವಿಲ್ಲ. ಹಾಸಿಗೆ ಇರಲಿ ಬಿಡು, ತೆಗೆಯುವುದೇಕೆ.

ಜನವರಿ 10, ಬುಧವಾರ

ಹುಡುಗಿಯ ಹೆಸರು ಮಾರಿಸೊಲ್, ಇಪ್ಪತ್ಮೂರು ವರ್ಷ. ಎಂಥಾ ಕೂದಲು! ಸೊಂಟದಿಂದ ಕೆಳಗೆ ಬರುತ್ತದೆ, ಒಂದೇ ಒಂದು ಸೀಳು ತುದಿ ಇಲ್ಲ. ಬೆಳಿಗ್ಗೆ ಒಂದು ಗಂಟೆ ಬಾಚಿದೆ. ಮೂರು ವರ್ಷ ಸುಮ್ಮನೆ ಕೂತಿದ್ದ ಬೆರಳುಗಳಿಗೆ ಹಬ್ಬ.

"ಮಿಸೆಸ್ ಕೊಸ್ಕೆಲಾ, ನಿಮ್ ಕೈಲಿ ಏನೋ ಇದೆ, ನಿದ್ದೆ ಬರ್ತಿದೆ ನಂಗೆ."

"ಹೆಲ್ಮಿ ಅನ್ನು ಸಾಕು. ತಲೆ ಎತ್ತು, ತೂಕಡಿಸ್ಬೇಡ."

ಈ ಕೂದಲನ್ನು ಕೊನೆಯ ವಾರ ನಿಜವಾಗಿಯೂ ಕತ್ತರಿಸುತ್ತಾರಂತೆ, ಕ್ಯಾಮೆರಾ ಮುಂದೆ, ಒಂದೇ ಸಲಕ್ಕೆ. ಅಲ್ಲಿಯವರೆಗೆ ಉದ್ದ ಜಡೆಯ ದೃಶ್ಯಗಳನ್ನೆಲ್ಲ ಮುಗಿಸಬೇಕು. ಸಿನಿಮಾದವರು ಕಥೆಯನ್ನು ಹಿಂದುಮುಂದಾಗಿಯೇ ತೆಗೆಯುತ್ತಾರೆ. ನಿನ್ನೆ ಹುಡುಗಿ ಅತ್ತಳು, ಅಳುವುದಕ್ಕೆ ಕಾರಣ ಬರುವ ಸೋಮವಾರ.

ಮಧ್ಯಾಹ್ನ ಮೇಜಿನ ಮೇಲೆ ಚಿತ್ರಕಥೆ ಬಿದ್ದಿತ್ತು, ಓದಿದೆ. ಮುದುಕಿ ಪಾರ್ಲರ್ ನಡೆಸುತ್ತಾಳೆ, ಜಡೆಯ ಹುಡುಗಿ ಅವಳ ಮಗಳು. ಮಗಳು ತನ್ನ ಪಕ್ಕದ ಕುರ್ಚಿಯಲ್ಲೇ ಕೆಲಸ ಮಾಡಬೇಕೆಂಬ ಹಟ ಅವಳಿಗೆ. ಮಗಳು ಪೆಟ್ಟಿಗೆ ಹಿಡಿದು ಹೊರಟಾಗ ಹೇಳುತ್ತಾಳೆ: "ಹೋಗೋದಾದ್ರೆ ಹೋಗು. ಈ ಬಾಗಿಲು ಮತ್ತೆ ತೆಗೆಯಲ್ಲ." ಯಾವ ತಾಯಿ ಹೀಗೆ ಮಾತಾಡುತ್ತಾಳೆ? ನಾನಂತೂ ಆಡಿಲ್ಲ. ಸಿನಿಮಾದವರು ಸ್ವಲ್ಪ ಜಾಸ್ತಿ ಮಾಡಿಯೇ ಬರೆಯುತ್ತಾರೆ.

ಜನವರಿ 13, ಶನಿವಾರ

ಶನಿವಾರ, ಸೌನಾ. ಹಬೆಸ್ನಾನದ ಕೋಣೆ ಕಾಯಿಸಿದೆ. ಎಲ್ಲರನ್ನೂ ಸರದಿಯ ಮೇಲೆ ಒಳಗೆ ಕೂರಿಸಿದೆ. ಮಾರಿಸೊಲ್ ಬಿಸಿಗೆ ಕಿರುಚಿಕೊಂಡು ಹೊರಗೆ ಓಡಿ ಹಿಮದಲ್ಲಿ ಬಿದ್ದಳು, ಎದ್ದವಳು ಮತ್ತೆ ಒಳಗೆ ಹೋದಳು. ಸೌಂಡಿನ ಡ್ಯೂಯಿ ಅನ್ನುವ ದಪ್ಪ ಮನುಷ್ಯ ಬೇಯಿಸಿದ ಬೀಟ್‌ರೂಟ್ ಥರ ಆಗಿ ಬಂದು ಮಾಂಸ, ಆಲೂಗಡ್ಡೆ ತುಂಬಿದ ನಾಲ್ಕು ಪ್ಯಾಸ್ಟಿ ತಿಂದ. ಮನೆಯಲ್ಲಿ ಇಷ್ಟು ಗಲಾಟೆ ಕೇಳಿ ಎಷ್ಟು ಕಾಲವಾಗಿತ್ತು. ಪೌಲಾ ಸೌನಾಕ್ಕೆ ಬರಲಿಲ್ಲ, ಕೆಲಸ ಇದೆಯಂತೆ.

ಪಕ್ಕದ ಮನೆಯ ಲೆಂಪಿ ಬಂದಿದ್ದಳು. ಎಂಬತ್ತೆರಡಾದರೂ ಊರಿನ ಸುದ್ದಿಯೆಲ್ಲ ಅವಳಿಗೇ ಮೊದಲು ಬೇಕು. ಕನ್ನಡಕ ಏರಿಸಿ ಚಿತ್ರಕಥೆ ಓದಿದಳು, ನಕ್ಕಳು.

"ಅಯ್ಯೋ ಹೆಲ್ಮಿ, ಇದು ನೀನೇ ಕಣೇ!"

"ಬಾಯ್ಮುಚ್ಚು. ಮಾಟಗಾತಿ ಅದು."

"ಅದನ್ನೇ ನಾನೂ ಹೇಳ್ತಿರೋದು."

ಏಲಕ್ಕಿ ಹಾಕಿದ ನಿಸು ಬ್ರೆಡ್ಡಿನ ಎರಡನೇ ತುಂಡು ಅವಳಿಗೆ ಕೊಡಲಿಲ್ಲ. ಆ ಮಾತು ಒಂದು ವೇಳೆ ನಾನು ಆಡಿದ್ದೇ ಆದರೂ ಸಿಟ್ಟಿನಲ್ಲಿ ಆಡಿದ್ದಿರಬೇಕು. ಸಿಟ್ಟಿನಲ್ಲಿ ಆಡಿದ್ದು ಲೆಕ್ಕಕ್ಕೆ ಬರುತ್ತದೆಯೇ? ಅಷ್ಟಕ್ಕೂ ಹತ್ತೊಂಬತ್ತರ ಹುಡುಗಿ ಫೆಬ್ರವರಿ ತಿಂಗಳಲ್ಲಿ, ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ, ತೆಳು ನೀಲಿ ಕೋಟು ಹಾಕಿಕೊಂಡು, ಕೈಗವಸು ಕೂಡ ಇಲ್ಲದೆ ಹೊರಟರೆ ಯಾವ ತಾಯಿಗೆ ಸಿಟ್ಟು ಬರುವುದಿಲ್ಲ? ಇಷ್ಟು ವರ್ಷದ ಮೇಲೆ ಅದೆಲ್ಲ ಯಾರಿಗೆ ನೆನಪಿರುತ್ತದೆ.

ಜನವರಿ 15, ಸೋಮವಾರ

ಶಿಕಾಗೋದ ನಟಿ ಕೈಕೊಟ್ಟಳು. ಟೀವಿಯಲ್ಲಿ ಮೊಣಕಾಲು ನೋವಿನ ಮುಲಾಮಿನ ಜಾಹೀರಾತು ಸಿಕ್ಕಿತಂತೆ, ನಿನ್ನೆಯೇ ಹೊರಟುಹೋದಳು. ಅವಳದ್ದು ಎರಡೇ ದೃಶ್ಯ ಆಗಿತ್ತು, ಅವನ್ನು ಬಿಸಾಡಬೇಕು.

ಪೌಲಾ ಪಾರ್ಲರ್ ಬಾಗಿಲಲ್ಲಿ ನಿಂತು ಬಹಳ ಹೊತ್ತು ಉಗುರು ಕಚ್ಚಿದಳು. ಆ ಅಭ್ಯಾಸ ಇನ್ನೂ ಹೋಗಿಲ್ಲ.

"ಅಮ್ಮ, ಒಂದ್ ಕೇಳ್ತೀನಿ, ಬೈಬಾರ್ದು."

"ಕೇಳು."

"ಮುದುಕಿ ಪಾರ್ಟ್ ನೀನು ಮಾಡ್ತೀಯಾ?"

"ನಂಗೆಲ್ಲಿ ಬರುತ್ತೆ ನಟನೆ?"

"ನಟನೆ ಏನ್ ಬೇಕಾಗಿಲ್ಲ" ಅಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. ನನಗೆ ಅರ್ಥವಾಗಲಿಲ್ಲ ಅಂದುಕೊಂಡಿದ್ದಾಳೆ.

ಒಪ್ಪಿದೆ. ಎರಡು ವಾರದ ಕೆಲಸ ನಿಂತುಹೋದರೆ ಇವಳು ವ್ಯಾನು ಹತ್ತಿ ಹೋಗಿಬಿಡುತ್ತಾಳೆ, ಇನ್ನು ಬರುವುದು ನನ್ನ ಮಣ್ಣಿಗೇ. ಹೋಗದಿರಲಿ ಅಂತಲೇ ಒಪ್ಪಿದ್ದು. ಬೇರೆ ಎಲ್ಲೂ ಹೇಳದೆ ಇಲ್ಲಿ ಬರೆದಿಟ್ಟಿದ್ದೇನೆ.

ಜನವರಿ 16, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಇವತ್ತು ನನ್ನ ಮೊದಲ ದೃಶ್ಯ. ಮುದುಕಿ ಹುಡುಗಿಯ ಜಡೆ ಹಿಡಿದು, ಕತ್ತರಿ ಬಾಯಿ ತೆಗೆದು, ಜಡೆಯ ಬುಡಕ್ಕೆ ತಂದು ಹೆದರಿಸುತ್ತಾಳೆ. ಅಷ್ಟೇ. ಕತ್ತರಿಸುವುದು ಮುಂದಿನ ವಾರ. ಸುಳ್ಳು ಕತ್ತರಿ ಹಿಡಿಯಲು ನನಗೆ ಬಾರದು ಎಂದು ನನ್ನದೇ ಕತ್ತರಿ ತೆಗೆದುಕೊಂಡೆ. ಆ ಬುದ್ಧಿ ನನಗೆ ಯಾರು ಕೊಟ್ಟರೋ.

ಚೆನ್ನಾಗಿಯೇ ಮಾಡಿದೆ. ಮಾರಿಸೊಲ್ ನಿಜವಾಗಿ ನಡುಗಿದಳು. ಪೌಲಾ ಖುಷಿಯಾಗಿ ಜೋರಾಗಿ ಕೂಗಿದಳು: "ಕಟ್!"

ಕತ್ತರಿಸಿಬಿಟ್ಟೆ.

'ಕಟ್' ಅಂದರೆ ನಿಲ್ಲಿಸು ಅಂತ ನನಗೆ ಗೊತ್ತಿತ್ತು, ವಾರದಿಂದ ದಿನಕ್ಕೆ ನೂರು ಸಲ ಕೇಳಿದ್ದೇನೆ. ಗೊತ್ತಿದ್ದದ್ದು ತಲೆಗೆ, ಕೈಗಲ್ಲ. ನಲವತ್ತೆರಡು ವರ್ಷ ಕುರ್ಚಿಯಲ್ಲಿ ಕೂತವರು ಕಟ್ ಅಂದ ಕೂಡಲೇ ಆಡಿದ ಕೈ ಅದು. ಕರಕ್ ಎಂದಿತು. ಇಡೀ ಜಡೆ ನನ್ನ ಎಡಗೈಯಲ್ಲಿ.

ಮಾರಿಸೊಲ್ ಕುತ್ತಿಗೆ ಮುಟ್ಟಿ ನೋಡಿಕೊಂಡಳು, ಆಮೇಲೆ ನಗಲು ಶುರುಮಾಡಿದಳು. "ಹೋಗ್ಲಿ ಬಿಡಿ ಹೆಲ್ಮಿ, ಮುಂದಿನ್ ವಾರ ಹೋಗೋದು ಇವತ್ತೇ ಹೋಯ್ತು" ಅಂತ ನನ್ನನ್ನೇ ತಬ್ಬಿಕೊಂಡಳು. ಒಳ್ಳೆಯ ಹುಡುಗಿ. ಆದರೆ ಉದ್ದ ಜಡೆಯ ದೃಶ್ಯ ಇನ್ನೂ ಏಳು ಬಾಕಿ ಇದೆ. ಪೌಲಾ ಹೊರಗೆ ಹೋಗಿ ವ್ಯಾನಿನಲ್ಲಿ ಕೂತಳು. ಎಂಜಿನ್ ಹಾಕಲಿಲ್ಲ. ಕಿಟಕಿಯಿಂದ ನೋಡುತ್ತಲೇ ಇದ್ದೆ.

ಆ ಗಲಿಬಿಲಿಯಲ್ಲಿ ನಾನು ಮಾಡಿದ ಮೊದಲ ಕೆಲಸ, ಜಡೆಯ ಕತ್ತರಿಸಿದ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿದದ್ದು. ಬೇರಿನ ಕಡೆ ಚದುರಿದರೆ ಆ ಕೂದಲು ಯಾವ ಕೆಲಸಕ್ಕೂ ಬಾರದು.

ಜನವರಿ 17, ಬುಧವಾರ

ಶೂಟಿಂಗ್ ಇಲ್ಲ. ಪೌಲಾ ಬಂದಿಲ್ಲ, ಫೋನ್ ಕೂಡ ಇಲ್ಲ. ಜಡೆ ಬಿಚ್ಚಿ, ತೊಳೆದು, ಒಣಗಿಸಿ ಹೊಲಿಯಲು ಕೂತಿದ್ದೇನೆ. ಕಣ್ಣು ಉರಿಯುತ್ತಿದೆ.

ಜನವರಿ 18, ಗುರುವಾರ

ಕೂದಲನ್ನು ತೆಳು ಬಟ್ಟೆಯ ಪಟ್ಟಿಗೆ ಹೊಲಿದು, ಆ ಪಟ್ಟಿಯನ್ನು ಮಾರಿಸೊಲ್‌ಳ ಉಳಿದ ಕೂದಲಿನ ಕೆಳಗೆ ಸಿಕ್ಕಿಸಿದರೆ ಜಡೆ ಮತ್ತೆ ಬರುತ್ತದೆ. ಕೀಮೋ ಮಾಡಿಸಿಕೊಂಡು ಕೂದಲು ಉದುರಿದವರಿಗೆಂದು ಹಿಂದೆ ಎಷ್ಟೋ ಮಾಡಿಕೊಟ್ಟಿದ್ದೇನೆ. ಸ್ವಲ್ಪ ಸ್ವಲ್ಪವೇ ಎಳೆ ತೆಗೆದು, ಬೇರಿನ ಕಡೆಯೆಲ್ಲ ಒಂದೇ ದಿಕ್ಕಿಗೆ ಜೋಡಿಸಬೇಕು. ಒಂದು ಎಳೆ ತಲೆಕೆಳಗಾದರೂ ಸಿಕ್ಕು. ಒಬ್ಬಳಿಗೆ ವಾರದ ಕೆಲಸ.

ಹನ್ನೊಂದು ಗಂಟೆಗೆ ಪೌಲಾ ಬಂದಳು. ಕಣ್ಣು ಊದಿತ್ತು. ಬೈಯುತ್ತಾಳೆ ಎಂದುಕೊಂಡೆ. ಕೋಟು ತೆಗೆದು ಎರಡನೇ ಕುರ್ಚಿಯಲ್ಲಿ ಕೂತಳು. ಅವಳಿಗೆಂದೇ ಕೊಂಡಿದ್ದ ಕುರ್ಚಿ, ಅವಳು ಒಂದು ದಿನವೂ ಕೂತಿರಲಿಲ್ಲ.

"ಕೊಡು ಇಲ್ಲಿ. ಬೇರು ನಿನ್ ಕಡೆ ತಾನೆ?"

"ಮರ್ತಿಲ್ವಾ?"

"ಹತ್ನೇ ವಯಸ್ಸಿಂದ್ಲೇ ನನ್ ಕೈಲಿ ಮಾಡಿಸ್ತಿದ್ಯಲ್ಲ, ಮರೆಯೋಕೆ ಬಿಟ್ಯಾ?"

ಸಂಜೆಯವರೆಗೆ ಅವಳು ಎಳೆ ಕೊಟ್ಟಳು, ನಾನು ಹೊಲಿದೆ. ಅವಳ ಬೆರಳು ನನಗಿಂತ ಚುರುಕು. ಇಂಥ ಬೆರಳಿಟ್ಟುಕೊಂಡು ಸಿನಿಮಾ ಮಾಡುತ್ತೇನೆ ಅಂದಿದ್ದಕ್ಕೇ ನನಗೆ ಆಗ ಅಷ್ಟು ಉರಿದದ್ದು.

ಜನವರಿ 20, ಶನಿವಾರ

ಮುಗಿಯಿತು. ಮಾರಿಸೊಲ್‌ಗೆ ಸಿಕ್ಕಿಸಿ ಹೆಣೆದೆವು. ಕ್ಯಾಮೆರಾದ ಬ್ರೆಟ್ ಹತ್ತಿರದಿಂದ, ದೂರದಿಂದ, ದೀಪ ಹಾಕಿ, ಆರಿಸಿ ನೋಡಿದ. "ಯಾವ್ದು ನಿಜ ಯಾವ್ದು ಹೊಲಿದಿದ್ದು ದೇವ್ರಾಣೆ ಗೊತ್ತಾಗ್ತಿಲ್ಲ" ಅಂದ. ಮಾರಿಸೊಲ್ ಕೋಣೆಯ ತುಂಬ ಜಡೆ ಬೀಸಿಕೊಂಡು ಕುಣಿದಳು. ಪೌಲಾ ನನ್ನ ಭುಜ ಹಿಡಿದು ಒಂದು ಸಲ ಒತ್ತಿ ಬಿಟ್ಟಳು. ಅಷ್ಟೇ ಮಾಡಿದ್ದು. ಅಷ್ಟಕ್ಕೇ ನನಗೆ ದುಃಖ ಉಕ್ಕಿ ಬಂತು, ಕೆಮ್ಮಿದ ಹಾಗೆ ಮಾಡಿದೆ.

ಎಳೆ ಜೋಡಿಸುವಾಗ ನಿನ್ನೆ ಅವಳು ತಲೆ ಎತ್ತದೆ ಕೇಳಿದ್ದಳು: "ಅಮ್ಮ, ಬಾಗಿಲ ಹತ್ರದ ಆ ಡೈಲಾಗ್ ಓದಿದ್ಯಲ್ಲ. ಎಲ್ಲಿಂದ ಬಂತು ಅಂತ ಗೊತ್ತಾಯ್ತಾ?"

"ಯಾವ್ ಡೈಲಾಗು?" ಅಂದೆ.

"ಏನಿಲ್ಲ ಬಿಡು."

ಗೊತ್ತಿಲ್ಲದ ಹಾಗೆ ಕೇಳಿದ್ದು ತಪ್ಪೇನಲ್ಲ. ಕೈ ತುಂಬ ಕೆಲಸವಿತ್ತು, ಎಳೆ ತಪ್ಪಿಬಿಡುತ್ತಿತ್ತು. ಆಮೇಲೆ ಹೇಳಬಹುದಿತ್ತು. ಆಮೇಲೂ ಹೇಳಲಿಲ್ಲ. ಇವತ್ತು ಸೌನಾಕ್ಕೆ ಬಂದಳು ಪೌಲಾ. ಪಕ್ಕದಲ್ಲಿ ಕೂತಿದ್ದಳು, ಆಗಲೂ ಹೇಳಲಿಲ್ಲ.

ಜನವರಿ 23, ಮಂಗಳವಾರ

ದಿನವಿಡೀ ಶೂಟಿಂಗ್. ಏಳು ದೃಶ್ಯವೂ ಆಯಿತು. ನನಗೆ ನಟನೆ ಬರುತ್ತದಂತೆ! ಲೆಂಪಿ ನೋಡಲು ಬಂದು, "ನಟನೆ ಎಲ್ಲಿ, ದಿನಾ ಇವ್ಳು ಹೀಗೇ ತಾನೆ" ಅಂದಳು. ಎಲ್ಲರೂ ನಕ್ಕರು, ಪೌಲಾ ಎಲ್ಲರಿಗಿಂತ ಹೆಚ್ಚು. ನಗುವಾಗ ಅವಳು ಹಾಗೇ ಮುಂದಕ್ಕೆ ಬಗ್ಗಿ ಮಂಡಿ ತಟ್ಟಿಕೊಳ್ಳುತ್ತಾಳೆ, ನಾನು ಮರೆತೇಬಿಟ್ಟಿದ್ದೆ.

ನಾಡಿದ್ದು ಕೊನೆಯ ದಿನ. ಬಾಗಿಲಿನ ದೃಶ್ಯ. ಶುಕ್ರವಾರ ಬೆಳಿಗ್ಗೆ ಎಲ್ಲರೂ ಹೊರಡುತ್ತಾರೆ. ಒಂದೂವರೆ ಸಾಲಿನ ಮಾತು ಅದು, ಕಲಿಯುವುದೇನಿದೆ. ಆದರೂ ಪಾತ್ರೆ ತೊಳೆಯುವಾಗ ನಾಲ್ಕು ಸಲ ಹೇಳಿಕೊಂಡೆ, ನಾಲ್ಕು ಸಲವೂ ಅರ್ಧಕ್ಕೇ ನಿಲ್ಲಿಸಿದೆ. ಹೌದು, ಆಡಿದ್ದೆ. ಇದೇ ಮಾತು. ಒಂದಕ್ಷರ ಹೆಚ್ಚಿಲ್ಲ ಕಮ್ಮಿ ಇಲ್ಲ.

ಜನವರಿ 25, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮೇಲಿನ ಕೋಣೆಯ ಬಾಗಿಲು ಹೊರಗಿನ ಮೆಟ್ಟಿಲಿಗೆ ತೆರೆಯುತ್ತದೆ. ಬಾಗಿಲಿಗೆ ಗಾಜಿದೆ. ಕತ್ತರಿಸಿದ ಕೂದಲಿನ ಹುಡುಗಿ ಪೆಟ್ಟಿಗೆ ಹಿಡಿದು ಹೊರಡುತ್ತಾಳೆ. ಮುದುಕಿ ಮಾತಾಡುತ್ತಾಳೆ, ಬಾಗಿಲು ಹಾಕುತ್ತಾಳೆ, ಗಾಜಿನ ಹಿಂದೆ ನಿಲ್ಲುತ್ತಾಳೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ.

"ಬಾಗಿಲು ಹಾಕಿದ್ಮೇಲೆ ಸುಮ್ನೆ ನಿಂತಿರಮ್ಮ, ನಾನ್ ಹೇಳೋ ತನಕ" ಅಂದಳು ಪೌಲಾ.

ಮಾತಾಡಿದೆ. ಬಾಗಿಲು ಹಾಕಿದೆ. ನಿಂತೆ. ಮಾರಿಸೊಲ್ ಮೆಟ್ಟಿಲಿಳಿಯುವುದು ಗಾಜಿನಲ್ಲಿ ಕಾಣುತ್ತಿತ್ತು. ಪೌಲಾ ನಿಲ್ಲಿಸು ಅನ್ನಲೇ ಇಲ್ಲ. ಎಷ್ಟು ಹೊತ್ತು ಅಂತ ಸುಮ್ಮನೆ ನಿಲ್ಲುವುದು? ಬಾಯಿ ತನ್ನಷ್ಟಕ್ಕೆ ಬಿಚ್ಚಿಕೊಂಡಿತು.

"ಹೋಗ್ಬೇಡ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ, ತಪ್ಪಾಯ್ತು. ನಿನ್ ಕಾರು ತಿರುವು ದಾಟೋ ತನಕ ಇಲ್ಲೇ ನಿಂತಿದ್ದೆ, ಚಿಲಕದ ಮೇಲೇ ಕೈ ಇಟ್ಕೊಂಡು. ತೆಗೀಲಿಲ್ಲ. ಯಾಕ್ ತೆಗೀಲಿಲ್ವೋ ಇವತ್ತಿಗೂ ಗೊತ್ತಿಲ್ಲ."

ಡ್ಯೂಯಿ ಕಿವಿಯಿಂದ ಹೆಡ್‌ಫೋನ್ ಎತ್ತಿ ಮೆಲ್ಲಗೆ ಅಂದ: "ಬೇಜಾರ್ ಮಾಡ್ಕೋಬೇಡಿ. ರಸ್ತೇಲಿ ಹಿಮದ ಲಾರಿ ಹೋಯ್ತು. ಸೌಂಡ್ ಕೆಟ್ಟೋಯ್ತು."

ಅವನನ್ನು ಕೊಂದುಬಿಡುವಷ್ಟು ಕೋಪ ಬಂತು. ಇಪ್ಪತ್ತೈದು ವರ್ಷ ಆಡದ ಮಾತು, ಲಾರಿಯ ಪಾಲಾಯಿತಲ್ಲ!

ಪೌಲಾ ನನ್ನ ಮುಖ ನೋಡಲಿಲ್ಲ. "ಅಮ್ಮ, ಈಗ ಹೇಳಿದ್ದು... ಇನ್ನೊಂದ್ಸಲ ಹೇಳಕ್ಕಾಗುತ್ತಾ?"

ಹೇಳಿದೆ. ಆ ಸಲ ಬ್ರೆಟ್‌ನ ಕ್ಯಾಮೆರಾ ಮಸುಕಾಯಿತು. ಮೂರನೇ ಸಲ ಹೇಳಿದೆ, ಅದು ಸರಿಬಂತು. ಈ ಸಿನಿಮಾದವರ ಹತ್ತಿರ ಕ್ಷಮೆ ಕೇಳುವುದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮಾರಿಸೊಲ್‌ಗೆ ಮಧ್ಯಾಹ್ನದ ವಿಮಾನ ಇತ್ತು. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಹೊರಟುಹೋದಳು. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

"ಈಗ ಮುಖ ಹತ್ತಿರದಿಂದ, ಗಾಜಿನ ಆಚೆಯಿಂದ" ಅಂದ ಬ್ರೆಟ್. "ಎದುರಿಗೆ ಯಾರಾದ್ರೂ ನಿಂತ್ಕೋಬೇಕು. ಇಲ್ದಿದ್ರೆ ಇವ್ರ ಕಣ್ಣು ಎಲ್ಲೆಲ್ಲೋ ಹೋಗುತ್ತೆ."

ಮಾರಿಸೊಲ್ ಇಲ್ಲ. ಉಳಿದವರ ಕೈಯಲ್ಲೆಲ್ಲ ಏನಾದರೊಂದು ಸಾಮಾನು. ಪೌಲಾ ಎದ್ದು ಬಾಗಿಲಾಚೆ ಹೋಗಿ, ಕ್ಯಾಮೆರಾ ಪಕ್ಕದಲ್ಲಿ, ಮೆಟ್ಟಿಲ ತುದಿಯಲ್ಲಿ ನಿಂತಳು. ಅವಸರದಲ್ಲಿ ಕೋಟು ಹಾಕಿಕೊಳ್ಳಲಿಲ್ಲ. ಈ ಹುಡುಗಿ ಯಾವತ್ತೂ ಹೀಗೇ. ನಾನು ಬಾಗಿಲು ಹಾಕಿದೆ. ಗಾಜಿನ ಆಚೆ ನನ್ನ ಮಗಳು. ತಲೆಯಲ್ಲಿ ಬಿಳಿ ಕೂದಲು ಬಂದಿದೆ, ಮೂಗು ಕೆಂಪಾಗಿದೆ.

ನಾಲ್ಕನೇ ಸಲ ಹೇಳಿದೆ. ಮೊದಲ ಮೂರು ಸಲ ಹೇಳಿದ್ದು ಹೇಳಿದ್ದೇ ಅಲ್ಲ. ಅವಳ ಕಣ್ಣು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಯಾಕ್ ತೆಗೀಲಿಲ್ವೋ ಅನ್ನುವ ಹೊತ್ತಿಗೆ ಚಿಲಕ ತಿರುಗಿಸಿದ್ದೆ. ಬಾಗಿಲು ತೆಗೆದೆ. ಚಳಿ ಧಸಕ್ಕನೆ ಒಳಗೆ ನುಗ್ಗಿತು, ಬ್ರೆಟ್ ಕ್ಯಾಮೆರಾ ಸಮೇತ ಹಿಂದೆ ಸರಿದ.

"ಒಳಗ್ ಬಾ" ಅಂದೆ. "ಕೋಟ್ ಇಲ್ದೆ ನಿಂತಿದೀಯಲ್ಲೇ."

ಅವಳು ಬಂದಳು. ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡು, ನಲವತ್ನಾಲ್ಕು ವರ್ಷದವಳು, ಬಿಕ್ಕಿಬಿಕ್ಕಿ ಅತ್ತಳು. ನಾನೂ ಅತ್ತೆ. ಎಲ್ಲರ ಎದುರಿಗೇ ಅತ್ತೆ, ನಾಚಿಕೆ ಅನಿಸಲಿಲ್ಲ.

ಹಿಂದಿನಿಂದ ಬ್ರೆಟ್ ಗಂಟಲು ಸರಿಮಾಡಿಕೊಂಡ. "ಕೊನೇಲಿ ಫ್ರೇಮ್ ಅಲ್ಲಾಡಿದೆ. ಸೇಫ್ಟಿಗೆ ಇನ್ನೊಂದ್ಸಲ...?"

"ಬೇಡ ಬ್ರೆಟ್" ಅಂದಳು ಪೌಲಾ, ಮುಖ ಎತ್ತದೆ. "ಸಾಕು. ಕೇಳಿಸ್ತು."

ಜನವರಿ 26, ಶುಕ್ರವಾರ, ಬೆಳಿಗ್ಗೆ

ಒಂಬತ್ತೂಕಾಲು. ಹಳೇ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ ಪೌಲಾ, ಥೇಟ್ ವೇಯ್ನೋನೇ. ಅಡುಗೆಮನೆಗೆ ಚೆನ್ನಾಗಿ ಕೇಳಿಸುತ್ತದೆ. ಕಾಫಿ ಮಾಡಲು ಪಾತ್ರೆ ತೆಗೆದವಳು ಸದ್ದಾದೀತು ಅಂತ ಹಾಗೇ ಕೆಳಗಿಟ್ಟೆ. ಕಾಫಿ ಇಲ್ಲದೆ ತಲೆ ಸಿಡಿಯುತ್ತಿದೆ, ಬೆನ್ನೂ ನೋವು. ಒಟ್ಟಿನಲ್ಲಿ ಈ ಸಿನಿಮಾದಿಂದ ನನಗೆ ಸಿಕ್ಕಿದ್ದು ಇಷ್ಟು.

ಇಷ್ಟು ಬರೆಯುವಾಗಲೇ ವ್ಯಾನು ಬಂತು. ಡ್ಯೂಯಿ ಉದ್ದಕ್ಕೆ ಹಾರ್ನ್ ಒತ್ತಿದ. ಚಪ್ಪಲಿಯಲ್ಲೇ ಹಿಮಕ್ಕೆ ಓಡಿ, ಅವನ ಕಿಟಕಿ ಬಡಿದು ಬಾಯಿಗೆ ಬಂದಂತೆ ಬೈದೆ. ಪಾಪ, ಬೆಚ್ಚಿಬಿದ್ದ.

"ಏನಾಯ್ತು ಹೆಲ್ಮಿ? ಹತ್ತಕ್ಕೆ ಹೊರಡ್ಬೇಕು ಅಂದಿದ್ರಲ್ಲ ಪೌಲಾ!"

"ಹೊರಡೋರು ಹೊರಡಿ" ಅಂದೆ. "ಮೆಲ್ಲಗೆ ಮಾತಾಡು. ನನ್ ಮಗಳು ಮಲಗಿದಾಳೆ."